ಸಾಬೂನಿನ ಮೇಲೆ ಕಾಗೆಬಂಗಾರ

ಮಧುಗಿರಿ ಬೆಟ್ಟವನ್ನು ಹತ್ತಿದವರು ಕಲ್ಲಿನಲ್ಲಿ ಮಿನುಗುವ ಕಾಗೆಬಂಗಾರವನ್ನು ಕಂಡಿರಬಹುದು. ಶಾಸ್ತ್ರದಲ್ಲಿ ಅದಕ್ಕೆ ಅಭ್ರಕವೆಂದು ಹೆಸರು.

ಪುರವರದಲ್ಲಿ ನಮ್ಮ ತಾಯಿಯವರು ಕೊಬ್ಬರಿ ಎಣ್ಣೆಯ ಸಾಬೂನು ಮಾಡಿ ಮಾರುತ್ತಾರೆ. ನನ್ನ ಕಾಲೇಜಿನ ಫೀಜು ಬಹುಮಟ್ಟಿಗೆ ಅದರಿಂದಲೇ. ಕಳೆದ ವರ್ಷ ಸಾಬೂನಿಗೆ ಕಳೆ ಬರಲೆಂದು ಹಳ್ಳದ ಕಾಗೆಬಂಗಾರವನ್ನು ನಾನೇ ಕುಟ್ಟಿ ಬೆರೆಸಿದೆ. ಚೂರುಗಳು ಮೈಯನ್ನು ಗೀರಿದುವು. 30 ಬಿಲ್ಲೆಗಳು ಹಾಳಾದುವು. ತಾಯಿಯವರು ಏನೂ ಅನ್ನಲಿಲ್ಲ. ನನಗೆ ಅದೇ ಕಷ್ಟವಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ಅಭ್ರಕವು ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಕರಗದು. ಪದರು ಪದರಾದ ಖನಿಜವದು; ಪದರುಗಳ ಮೇಲೆ ಬಿದ್ದ ಬೆಳಕು ಹಿಂದಿರುಗುವುದೇ ಅದರ ಹೊಳಪು. ಅಂಗಡಿಯ ಪುಡಿಯನ್ನು ಬಹಳ ನುಣ್ಣಗೆ ಅರೆದು, ಟೈಟೇನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡಿನ ಲೇಪ ಕೊಟ್ಟಿರುತ್ತಾರೆ. ಬಣ್ಣವು ಆ ಲೇಪದ್ದು. ಸಾಬೂನಿನೊಳಗೆ ಬೆರೆಸಿದರೆ ಬಣ್ಣವುಳಿದು ಹೊಳಪು ಮುಚ್ಚಿಹೋಗುತ್ತದೆ. ಆದುದರಿಂದ ಸಾಬೂನು ದೋಸೆಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಹೊಯ್ದು, ಕಾಲು ಚಮಚ ಪುಡಿಯನ್ನು ಬೇರೆ ಎಣ್ಣೆಯಲ್ಲಿ ಕದಡಿ, ಮೇಲ್ಮೈಯಲ್ಲಿ ಮಾತ್ರ ಗೆರೆ ಹನಿಸಿ ಕಡ್ಡಿಯಿಂದ ಸುಳಿ ಬಿಡಿಸಬೇಕು. ನೀರಿನಂಶ ಆರಿ ಬಿಲ್ಲೆ ಗಟ್ಟಿಯಾಗಲು ನಾಲ್ಕು ವಾರವಾದರೂ ಒಣಗಿಸಬೇಕು; ಆತುರ ಸಲ್ಲದು.

ಈ ಸಲದ ಬಿಲ್ಲೆಗಳ ಮೇಲೆ ಸುಳಿ ಬಿಡಿಸಿದವರು ತಾಯಿಯವರು. ರಂಗೋಲಿಯ ಕೈ, ನನ್ನದು ವಕ್ರವಾಗುತ್ತಿತ್ತು.