ಪರಿಸರ ಪಕ್ಷವೂ ಮತಪೆಟ್ಟಿಗೆಯೂ: ಒಂದು ವಿವೇಚನೆ

‘ಪರಿಸರ’ ಎಂಬ ಶಬ್ದವು ನಮಗೆ ಹೊಸತಲ್ಲ. ಚಲನೆಯನ್ನು ಹೇಳುವ ‘ಸೃ’ ಧಾತುವಿಗೆ ‘ಪರಿ’ ಎಂಬ ಉಪಸರ್ಗವು ಸೇರಿ ನಿಷ್ಪನ್ನವಾದ ಈ ಪದಕ್ಕೆ ಅಮರಕೋಶಕಾರನು ಹೇಳುವ ಅರ್ಥ ಅಂಚಿನ ನೆಲ, ಮೇರೆಯ ಭೂಮಿ ಎಂಬುದು. ‘ಮತ’ ಎಂದರೆ ಮನನದಿಂದ ಹುಟ್ಟಿದ ಅಭಿಪ್ರಾಯ. ಅದೇ ಶಬ್ದವು ಧರ್ಮಪಂಥಕ್ಕೂ ಚುನಾವಣೆಯ ವೋಟಿಗೂ ಸಲ್ಲುವುದು ಕನ್ನಡದ ಒಂದು ಸೋಜಿಗ. ‘ಪಕ್ಷ’ ಎಂದರೆ ರೆಕ್ಕೆ, ಮಗ್ಗುಲು, ತಿಂಗಳ ಅರ್ಧ. ತರ್ಕಶಾಸ್ತ್ರದಲ್ಲಿ ಮಾತ್ರ ಇದಕ್ಕೆ ಇನ್ನೊಂದು ಅರ್ಥವಿದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವಾಗ, ಯಾವ ಬೆಟ್ಟವನ್ನು ಕುರಿತು ಈ ವಿಚಾರವು ನಡೆಯುತ್ತದೆಯೋ ಆ ಬೆಟ್ಟಕ್ಕೇ ‘ಪಕ್ಷ’ವೆಂದು ಹೆಸರು.

ಈ ಮೂರು ಶಬ್ದಗಳ ವ್ಯುತ್ಪತ್ತಿಯನ್ನು ಹತ್ತನೆಯ ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಗುರುಗಳ, ಪರಿಸರದ ಪಕ್ಷ ಅಂತ ಒಂದ್ ಐತೇನ್ರಿ? ಅದಕ್ಕ ಯಾರರ ಓಟ್ ಹಾಕ್ಯಾರೇನ್ರಿ?” ಎಂದು ಕೇಳಿದನು. ವ್ಯಾಕರಣದ ಪಾಠದಲ್ಲಿ ರಾಜಕಾರಣ ಬೇಡವೆಂದು ಅವನನ್ನು ಕೂಡ್ರಿಸಿಬಿಟ್ಟೆ. ಅದು ಸರಿಯಾದ ಉತ್ತರವಲ್ಲವೆಂದು ಆಮೇಲೆ ತೋರಿತು. ಆ ಬಾಲಕನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈ ಸಂಚಿಕೆಯ ವಾಚಕರಾದ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿ ಮಹನೀಯರ ಮುಂದೆ ಇಡುತ್ತಿದ್ದೇನೆ.

ಇಂಥ ಪಕ್ಷಗಳು ಜಗತ್ತಿನಲ್ಲಿ ಮೊದಲು ತಲೆಯೆತ್ತಿದ್ದು 1972ರಲ್ಲಿ. ಆಸ್ಟ್ರೇಲಿಯದ ತಾಸ್ಮೇನಿಯ ದ್ವೀಪದಲ್ಲಿ ಪೆಡ್ಡರ್ ಎಂಬ ಸರೋವರವು ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದಾಗ, ಅದನ್ನು ಉಳಿಸಬೇಕೆಂದು ಕೆಲವರು ಗುಂಪುಕಟ್ಟಿ ಚುನಾವಣೆಗೆ ನಿಂತರು. ಅವರಿಗೆ ಒಂದು ಸ್ಥಾನವೂ ಬರಲಿಲ್ಲ, ಸರೋವರವೂ ಉಳಿಯಲಿಲ್ಲ. ಅದೇ ವರ್ಷ ನ್ಯೂಜಿಲೆಂಡಿನಲ್ಲಿ ಹುಟ್ಟಿದ ‘ವ್ಯಾಲ್ಯೂಸ್’ ಪಕ್ಷವು 1975ರ ಚುನಾವಣೆಯಲ್ಲಿ ನೂರಕ್ಕೆ ಐದರಷ್ಟು ಮತವನ್ನು ಗಳಿಸಿಯೂ ಬರಿಗೈಯಲ್ಲಿ ಮರಳಿತು. ಆದರೆ 1980ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಸ್ಥಾಪಿತವಾದ ಹಸಿರು ಪಕ್ಷವು 1983ರಲ್ಲಿ ಶೇಕಡಾ 5.6ರಷ್ಟು ಮತಗಳಿಂದಲೇ 27 ಜನ ಸದಸ್ಯರನ್ನು ಸಂಸತ್ತಿಗೆ ಕಳುಹಿಸಿತು.

ಈ ವ್ಯತ್ಯಾಸಕ್ಕೆ ಕಾರಣ ಎಣಿಕೆಯ ಕ್ರಮ. ಜರ್ಮನಿಯಲ್ಲಿ ದೇಶದ ಒಟ್ಟು ಮತಗಳಲ್ಲಿ ಶೇಕಡಾ ಐದನ್ನು ದಾಟಿದ ಪಕ್ಷಕ್ಕೆ ಅದರ ಪಾಲಿಗೆ ತಕ್ಕಷ್ಟು ಸ್ಥಾನಗಳು ದೊರೆಯುತ್ತವೆ. ನಮ್ಮಲ್ಲಾದರೋ ಇಂಗ್ಲೆಂಡಿನಿಂದ ಬಂದ ಪದ್ಧತಿ: ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನೊಬ್ಬನೇ ಗೆದ್ದವನು, ಉಳಿದವರ ಮತಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 1989ರ ಜೂನ್ ತಿಂಗಳಿನ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಬ್ರಿಟನ್ನಿನ ಹಸಿರು ಪಕ್ಷಕ್ಕೆ 22 ಲಕ್ಷಕ್ಕೂ ಮಿಕ್ಕಿ, ಎಂದರೆ ನೂರಕ್ಕೆ ಸುಮಾರು ಹದಿನೈದರಷ್ಟು ಮತ ಬಿದ್ದವು. ಸ್ಥಾನ ಸೊನ್ನೆ! ಆ ದೇಶದ ಪಾರ್ಲಿಮೆಂಟಿಗೆ ಅವರ ಮೊದಲ ಸದಸ್ಯೆ ಹೋದದ್ದು 2010ರಲ್ಲಿ, ಒಂದೇ ಊರಿನಲ್ಲಿ ಬಹುಕಾಲ ಬೇರೂರಿ ದುಡಿದ ಮೇಲೆ.

ಅದೇ 1989ರ ನವೆಂಬರದಲ್ಲಿ ನಮ್ಮ ನಾಡಿನಲ್ಲೂ ಒಂದು ಪರೀಕ್ಷೆ ನಡೆಯಿತು. ಕಾಳೀ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಕಟ್ಟಬಾರದೆಂದು ವಾದಿಸುತ್ತ, ಡಾ. ಶಿವರಾಮ ಕಾರಂತರು ಉತ್ತರ ಕನ್ನಡದ ಲೋಕಸಭಾ ಕ್ಷೇತ್ರದಲ್ಲಿ ಉಮೇದುವಾರರಾದರು. ಆಗ ಅವರಿಗೆ ವಯಸ್ಸು 87. ಜ್ಞಾನಪೀಠದ ಗೌರವವು ಬಂದು ಹತ್ತು ವರ್ಷ ಮೀರಿತ್ತು. ಹಿಂದೆ ದೊಡ್ಡ ಪಕ್ಷಗಳಾವುದರ ಆಸರೆಯೂ ಇರಲಿಲ್ಲ. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯವರು ಕಾಡಿನ ಮರಗಳನ್ನು ಅಪ್ಪಿಕೊಂಡು ‘ಅಪ್ಪಿಕೋ’ ಚಳವಳಿಯನ್ನು ಆರಂಭಿಸಿದ ಜಿಲ್ಲೆಯದು. ಅದಕ್ಕೂ ಮುನ್ನ ಬೇಡ್ತಿ ವಿದ್ಯುತ್ ಯೋಜನೆಯನ್ನು ಜನರೇ ಎದುರಿಸಿ ನಿಲ್ಲಿಸಿದ್ದರು. ಪರಿಸರದ ಮಾತಿಗೆ ಮತ ಬೀಳುವುದಾದರೆ ಅಲ್ಲಿಯೇ ಬೀಳಬೇಕಾಗಿತ್ತು. ಆದರೆ ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು. ಕೈಗಾದ ಕೆಲಸವು ನಿಲ್ಲಲಿಲ್ಲ. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗವು ಕುಸಿದು ಬಿದ್ದಿತಾದರೂ, 2000ದಿಂದ 2011ರವರೆಗೆ ನಾಲ್ಕು ಘಟಕಗಳು ಒಂದರ ಹಿಂದೊಂದು ವಿದ್ಯುತ್ತನ್ನು ಕೊಡತೊಡಗಿದವು.

ಅದು ನನ್ನ ಮೊದಲ ಮತದಾನದ ವರ್ಷ. ಮತಾಧಿಕಾರದ ವಯಸ್ಸು 21ರಿಂದ 18ಕ್ಕೆ ಇಳಿದು ನಡೆದ ಮೊದಲ ಮಹಾಚುನಾವಣೆಯೂ ಅದೇ. ಸಂಸ್ಕೃತ ಪಾಠಶಾಲೆಯ ವಸತಿಯಲ್ಲಿದ್ದ ನಾವು ಕೆಲವರು ಕಾರಂತರ ಸೋಲಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮರುಗಿದೆವು. ಜನರು ಕೃತಘ್ನರೆಂದು ಒಬ್ಬನು ಭಾಷಣವನ್ನೇ ಮಾಡಿದನು. ಇಂದು ನನಗೆ ಹಾಗೆ ಅನ್ನಿಸುವುದಿಲ್ಲ. ಕೈಗಾದ ಸುತ್ತಣ ಹಳ್ಳಿಗಳ ಭಯವು ನಿಜವಾದದ್ದು, ಆದರೆ ಆ ಹಳ್ಳಿಗಳು ವಿಸ್ತಾರವಾದ ಕ್ಷೇತ್ರದ ಒಂದು ಮೂಲೆ. ಉಳಿದ ಮತದಾರನಿಗೆ ದೀಪ ಬೇಕಾಗಿತ್ತು, ನೌಕರಿ ಬೇಕಾಗಿತ್ತು. ಅವನ ಆಸೆಯು ಕಣ್ಣಿಗೆ ಕಾಣುವಂಥದು. ಕಾರಂತರು ಎಚ್ಚರಿಸಿದ ಕೇಡು ಮುಂದೆಂದೋ ಬರಬಹುದಾದದ್ದು.

ಈ ಮಾತಿಗೆ ನಮ್ಮ ಬಾಗಲಕೋಟೆಯೇ ಇನ್ನೊಂದು ಮಗ್ಗುಲಿನ ಸಾಕ್ಷಿ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾತೀರದ ರೈತರು ಸರಕಾರದ ದಾರಿಯನ್ನು ಕಾಯದೆ, ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಹೊಳೆಗೆ ಬ್ಯಾರೇಜು ಕಟ್ಟಿಕೊಂಡರು. ‘ಶ್ರಮಬಿಂದು ಸಾಗರ’ವೆಂಬ ಅದರ ಹೆಸರು ಅನ್ವರ್ಥಕವಾದದ್ದು. ಆ ಕಾರ್ಯದ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ರಾಜ್ಯಮಂತ್ರಿಯೂ ಆದರು. 2018ರಲ್ಲಿ ಅವರು ಅಪಘಾತದಲ್ಲಿ ಮಡಿಯುವವರೆಗೂ ಜನರ ಬಾಯಲ್ಲಿ ಅವರು ‘ಬ್ಯಾರೇಜ್ ಸಿದ್ದು’. ಅವರದು ಪರಿಸರ ಪಕ್ಷವಲ್ಲ, ಕಾಂಗ್ರೆಸ್ಸು. ಆದರೂ ಎರಡು ವರ್ಷಗಳ ಅಂತರದಲ್ಲಿ ಒಂದು ಹೊಳೆಯ ಹೆಸರಿನಲ್ಲಿ ಸೋತವರನ್ನೂ ಇನ್ನೊಂದು ಹೊಳೆಯ ಹೆಸರಿನಲ್ಲಿ ಗೆದ್ದವರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಹೊಲಕ್ಕೆ ಬಂದ ನೀರನ್ನು ಮತದಾರನು ಎಣಿಸಬಲ್ಲನು. ಬಾರದೆಹೋದ ಅನರ್ಥವನ್ನು ಎಣಿಸುವ ಬಗೆ ಹೇಗೆ? ಆಲಮಟ್ಟಿಯ ಹಿನ್ನೀರಿಗೆ ಅರ್ಧ ಊರನ್ನೇ ಒಪ್ಪಿಸಿ ನವನಗರಕ್ಕೆ ಹೋದ ಬಾಗಲಕೋಟೆಯವರು ಈ ಲೆಕ್ಕದ ಎರಡೂ ಕಡೆಗೆ ಇದ್ದವರು.

ಇನ್ನು ‘ಹಸಿರು’ ಎಂಬ ಬಣ್ಣದ ವಿಚಾರ. ಜರ್ಮನಿಯಲ್ಲಿ ಅದು ಕಾಡಿನ ಮತ್ತು ಶಾಂತಿಯ ಬಣ್ಣ, ಕನ್ನಡನಾಡಿನಲ್ಲಿ ರೈತನ ಹೆಗಲ ಮೇಲಿನ ಶಾಲು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರವನ್ನು ಹೇರಿದ್ದರಿಂದ 1980ರ ಜುಲೈ 21ರಂದು ನರಗುಂದ–ನವಲಗುಂದಗಳಲ್ಲಿ ಸಿಡಿದ ಬಂಡಾಯವು ರೈತಸಂಘವು ನಾಡಿನಾದ್ಯಂತ ಹಬ್ಬಲು ಕಾರಣವಾಯಿತು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಆ ಸಂಘವು ನೀಲಗಿರಿ ನೆಡುತೋಪುಗಳನ್ನು ವಿರೋಧಿಸಿತು, ಬೀಜದ ಮೇಲೆ ವಿದೇಶಿ ಕಂಪನಿಗಳ ಒಡೆತನವನ್ನು ಪ್ರತಿಭಟಿಸಿತು, 1998ರಲ್ಲಿ ಕುಲಾಂತರಿ ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟಿತು. ಪರಿಸರವೆಂಬ ಹೆಸರಿಲ್ಲದಿದ್ದರೂ ಕೆಲಸವು ಬಹುಮಟ್ಟಿಗೆ ಅದೇ. ಕಾರಂತರು ಸೋತ ಅದೇ 1989ರ ನವೆಂಬರದಲ್ಲಿ ರೈತಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ, ಎರಡು ವಿಧಾನಸಭಾ ಕ್ಷೇತ್ರಗಳಲ್ಲಿಯೂ ಗೆದ್ದರು. ಅವರು ತೆರವು ಮಾಡಿದ ಧಾರವಾಡ ಗ್ರಾಮೀಣದಿಂದ ನಂಜುಂಡಸ್ವಾಮಿಯವರು ಸಭೆಗೆ ಹೋದರು. 1994ರಲ್ಲಿ ಸಂಘಕ್ಕೆ ಉಳಿದದ್ದು ಒಂದೇ ಸ್ಥಾನ, ಪಾಂಡವಪುರದ ಕೆ. ಎಸ್. ಪುಟ್ಟಣ್ಣಯ್ಯನವರದು. ಬಾಬಾಗೌಡರು ಮುಂದೆ ಭಾರತೀಯ ಜನತಾ ಪಕ್ಷವನ್ನು ಸೇರಿ 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಆಯ್ಕೆಯಾದರು. ರೈತ ಮತ್ತು ದಲಿತ ಚಳವಳಿಯವರು ಕೂಡಿ ಕಟ್ಟಿದ ಸರ್ವೋದಯ ಕರ್ನಾಟಕ ಪಕ್ಷದಿಂದ ಪುಟ್ಟಣ್ಣಯ್ಯನವರು 2013ರಲ್ಲಿ ಮೇಲುಕೋಟೆಯಲ್ಲಿ ಮತ್ತೆ ಗೆದ್ದರು. 2018ರಲ್ಲಿ ಅವರು ತೀರಿಕೊಂಡ ಬಳಿಕ ಮಗ ದರ್ಶನ್ ಒಮ್ಮೆ ಸೋತು, 2023ರಲ್ಲಿ ಕಾಂಗ್ರೆಸ್ಸಿನ ಬೆಂಬಲದೊಂದಿಗೆ ಗೆದ್ದುಬಂದರು. 224 ಸ್ಥಾನಗಳ ಸಭೆಯಲ್ಲಿ ಹಸಿರು ಶಾಲಿನ ಪಾಲು ಇಷ್ಟೇ. ಲಕ್ಷಾಂತರ ಜನರನ್ನು ಮೆರವಣಿಗೆಗೆ ತರಬಲ್ಲ ಸಂಘಟನೆಗೆ ಈ ಗತಿಯಾದುದೇಕೆ? ರೈತನು ಬೀದಿಯಲ್ಲಿ ರೈತ, ಮತಗಟ್ಟೆಯಲ್ಲಿ ತನ್ನ ಜಾತಿಯವನು, ತನ್ನ ಓಣಿಯವನು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಪೂರ್ಣ ಸತ್ಯವಲ್ಲವೆಂದು ನನ್ನ ಮತ. ಗೆಲ್ಲಲಾರದ ಅಭ್ಯರ್ಥಿಗೆ ಮತ ಹಾಕಿ ಕೆಡಿಸಲಾರೆನೆಂಬ ಲೆಕ್ಕವೂ ಅದರಲ್ಲಿದೆ, ಆ ಲೆಕ್ಕವನ್ನು ಕಲಿಸಿದ್ದು ನಮ್ಮ ಎಣಿಕೆಯ ಕ್ರಮವೇ.

ಇದಕ್ಕಿಂತ ಕಠಿಣವಾದ ಗಂಟೊಂದಿದೆ. ಪಟ್ಟದಕಲ್ಲಿನಲ್ಲಿ ಉತ್ತರಾಭಿಮುಖವಾಗಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನಮ್ಮ ಮಲಪ್ರಭೆಯ ಉಗಮವು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಆ ತಾಲೂಕು ಇಂದು ಕಾರಂತರು ಸ್ಪರ್ಧಿಸಿದ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೇ ಸೇರಿದೆ. ಅಲ್ಲಿಯ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದದ ರೈತರು 2015ರ ಜುಲೈಯಿಂದ ದೀರ್ಘಕಾಲ ಧರಣಿ ಕುಳಿತರು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿಯು ಈ ತಿರುವಿಗೆ 3.9 ಟಿ.ಎಂ.ಸಿ. ನೀರನ್ನು ಕೊಟ್ಟಿತು. ಆದರೆ ಹಳ್ಳಗಳನ್ನು ತಿರುಗಿಸಿದರೆ ಘಟ್ಟದ ದಟ್ಟ ಅರಣ್ಯಕ್ಕೆ ಕೇಡೆಂದು ಖಾನಾಪುರದ ಕಡೆಯ ಪರಿಸರವಾದಿಗಳು ವಾದಿಸುತ್ತಾರೆ. ಈಗ ಪರಿಸರ ಪಕ್ಷದ ಅಭ್ಯರ್ಥಿಯೊಬ್ಬನು ಬಾದಾಮಿಗೋ ನರಗುಂದಕ್ಕೋ ಬಂದನೆಂದು ಭಾವಿಸೋಣ. ಹಳ್ಳ ತಿರುಗಿಸಬೇಡಿ ಎಂದರೆ ಠೇವಣಿ ಹೋಯಿತು. ತಿರುಗಿಸಿ ಎಂದರೆ ಅವನು ಪರಿಸರ ಪಕ್ಷದವನೆನಿಸುವುದಿಲ್ಲ. ಬೇಸಗೆಯಲ್ಲಿ ಬತ್ತಿದ ಮಲಪ್ರಭೆಯನ್ನು ದಿನವೂ ನೋಡುವ ನನಗೂ ಇದಕ್ಕೆ ಸುಲಭದ ಉತ್ತರ ಹೊಳೆಯುವುದಿಲ್ಲ. ಅದೇ ಹೊಳೆಯು 2019ರ ಆಗಸ್ಟಿನಲ್ಲಿ ಉಕ್ಕಿ ಬಂದು ಪಟ್ಟದಕಲ್ಲಿನ ದೇವಾಲಯಗಳ ಅಂಗಳವನ್ನು ತುಂಬಿತ್ತು. ಬರ ಮತ್ತು ಪ್ರವಾಹ ಎರಡೂ ಒಂದೇ ಪಾತ್ರದಲ್ಲಿ ನಡೆಯುವ ನಾಡಿನಲ್ಲಿ, ನೀರು ಬೇಕು ಎಂಬ ಒಂದೇ ಘೋಷಣೆ ಸಾಲುವುದಿಲ್ಲವೆಂಬುದಷ್ಟೇ ನನಗೆ ತಿಳಿದದ್ದು.

ಪಕ್ಷವೇ ಇಲ್ಲದೆ ಗೆದ್ದ ಹೋರಾಟಗಳೂ ನಮ್ಮ ನೆರೆಯಲ್ಲಿವೆ. ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತಣ ಫಲವತ್ತಾದ ಎರೆಭೂಮಿಯನ್ನು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಕೊಡಬಾರದೆಂದು 2011ರಲ್ಲಿ ರೈತರು ಎದ್ದಾಗ, ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ಅವರ ಮುಂದೆ ನಿಂತರು. ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು. ಔಷಧಿಯ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದ ಸಂರಕ್ಷಿತ ಪ್ರದೇಶದ ಸ್ಥಾನವನ್ನು 2016ರಲ್ಲಿ ಹಿಂದೆಗೆದುಕೊಂಡಾಗಲೂ ಪೂಜ್ಯರು ಧರಣಿಯ ಪೆಂಡಾಲಿಗೆ ಬಂದರು. 2017ರಲ್ಲಿ ಆ ಸ್ಥಾನವು ಮರಳಿತು, 2019ರಲ್ಲಿ ಗುಡ್ಡವು ವನ್ಯಜೀವಿಧಾಮವೆನಿಸಿತು. ತರ್ಕಶಾಸ್ತ್ರದ ಅರ್ಥದಲ್ಲಿ ಅಲ್ಲಿ ಗುಡ್ಡವೇ ಪಕ್ಷವಾಗಿತ್ತು. ಅಲ್ಲಿ ಕೂಡಿದ ಜನರಲ್ಲಿ ಎಲ್ಲ ಪಕ್ಷಗಳ ಮತದಾರರೂ ಇದ್ದುದರಿಂದ, ಯಾರೊಬ್ಬರ ಗೆಲುವಿಗೂ ಸೋಲಿಗೂ ಅದು ತಗಲಿಕೊಳ್ಳಲಿಲ್ಲ.

ಹಾಗಾದರೆ ಪಕ್ಷವೇ ಬೇಡವೇ? ಇದನ್ನು ನಾನು ಒಪ್ಪಲಾರೆ. ಧರಣಿಯಿಂದ ಒಂದು ಯೋಜನೆಯನ್ನು ನಿಲ್ಲಿಸಬಹುದು, ಕಾಯಿದೆಯನ್ನು ಮಾಡುವುದು ಸಭೆಯೊಳಗೆ ಕುಳಿತವರೇ. ಜರ್ಮನಿಯ ಹಸಿರು ಪಕ್ಷವು ಎರಡು ಜರ್ಮನಿಗಳು ಒಂದಾದ 1990ರಲ್ಲಿ, ಎಲ್ಲರೂ ದೇಶದ ಮಾತನ್ನಾಡುತ್ತಿದ್ದಾಗ ತಾನು ಹವಾಮಾನದ ಮಾತನ್ನಾಡಿ ಪಶ್ಚಿಮ ಭಾಗದಲ್ಲಿ ಶೇಕಡಾ ಐದರ ಕೆಳಗಿಳಿದು ಸ್ಥಾನಗಳನ್ನು ಕಳೆದುಕೊಂಡಿತು. 1998ರಲ್ಲಿ ಸರಕಾರದಲ್ಲಿ ಪಾಲುದಾರನಾಗಿ ಅಣುಸ್ಥಾವರಗಳನ್ನು ಮುಚ್ಚುವ ಕಾಯಿದೆಗೆ ಕಾರಣವಾಯಿತು. ಅಲ್ಲಿಯ ಕೊನೆಯ ಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಅದು ವಿವೇಕವೋ ಅವಿವೇಕವೋ ಎಂದು ಅವರಲ್ಲಿಯೇ ಜಗಳವಿದೆ. 2021ರಲ್ಲಿ ಶೇಕಡಾ 14.8ರಷ್ಟು ಮತ ಪಡೆದ ಆ ಪಕ್ಷವು 2025ರಲ್ಲಿ 11.6ಕ್ಕೆ ಇಳಿದು ಅಧಿಕಾರದಿಂದ ಹೊರಬಂದಿತು. ಏನೇ ಆಗಲಿ, ಕಾರಂತರು ಕೈಗಾದಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲಿ ನಾಲ್ವತ್ತು ವರ್ಷ ಸಂಸತ್ತಿನೊಳಗೇ ಕೇಳಲಾಯಿತು.

ನಮ್ಮ ಎಣಿಕೆಯ ಕ್ರಮವು ಸದ್ಯಕ್ಕೆ ಬದಲಾಗುವಂತಿಲ್ಲ. ಆದರೆ ಅದೇ ಕ್ರಮದಲ್ಲಿ ಚಿಕ್ಕವರಿಗೂ ಎಡೆಯಿರುವ ಒಂದು ಚುನಾವಣೆಯಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಚುನಾವಣೆಯು ಪಕ್ಷಗಳ ಚಿಹ್ನೆಯಿಲ್ಲದೆ ನಡೆಯುತ್ತದೆ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಲ್ಲಿ ಒಂದು ಓಣಿ ಮನಸ್ಸು ಮಾಡಿದರೆ ಸಾಕು, ಕೆರೆಯ ಒತ್ತುವರಿಯನ್ನಾಗಲಿ ಹೊಳೆಯ ಮರಳನ್ನಾಗಲಿ ವಿಷಯವಾಗಿಟ್ಟುಕೊಂಡವನೊಬ್ಬನು ಗೆಲ್ಲಬಹುದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ತನ್ನ ಮೇರೆಯೊಳಗಿನ ಗಿಡ, ಮರ, ಪ್ರಾಣಿ, ತಳಿಗಳ ದಾಖಲೆಯನ್ನು ಇಡತಕ್ಕದ್ದು. ಕಾಯಿದೆಯು ‘ಪರಿಸರ’ಕ್ಕೆ ಅಮರಕೋಶದ ಅರ್ಥವನ್ನೇ ಹಿಡಿದಂತಿದೆ! ಆ ಹುಡುಗನನ್ನು ಮರುವಾರ ಕರೆದು ಇಷ್ಟನ್ನು ಹೇಳಿದೆನು. ಅವನು ಕೇಳಿಕೊಂಡು, “ನಮ್ಮ ಪಂಚಾಯ್ತ್ಯಾಗ ಆ ಸಮಿತಿ ಐತೇನ್ರಿ?” ಎಂದನು. ಹೋಗಿ ಕೇಳಿಕೊಂಡು ಬಾ ಎಂದು ಕಳುಹಿಸಿದ್ದೇನೆ.