ಹಳೆಯ ಲಾರಿಗೆ ಯಾವ ಟಾಯರು, ಎಂಥ ಮಡ್‌ಗಾರ್ಡು?



ಕಬ್ಬು ನುರಿಸುವ ಹಂಗಾಮು ಹತ್ತಿರ ಬಂದಂತೆ, ಲಾರಿ ಇಟ್ಟುಕೊಂಡಿರುವ ಸಭಾಸದರು ಗಾಡಿಯ ರಿಪೇರಿಗೆ ತೊಡಗುತ್ತಾರೆ. ಎಂಜಿನ್, ಗೇರ್, ಸ್ಪ್ರಿಂಗ್ ಪಾಟಾ ಇವುಗಳ ಖರ್ಚು ಮುಗಿದ ಮೇಲೆ ಉಳಿದ ಹಣದಲ್ಲಿ ಟಾಯರು ಕೊಳ್ಳುವುದು ವಾಡಿಕೆ. ಆಗ ಸಾಮಾನ್ಯವಾಗಿ ಎರಡು ತಪ್ಪುಗಳು ಆಗುತ್ತವೆ. ಒಂದು, ಅಗ್ಗಕ್ಕೆ ಸಿಕ್ಕಿತೆಂದು ಪರೀಕ್ಷಿಸದೆ ಹಳೆಯ ಟಾಯರು ಹಾಕುವುದು. ಇನ್ನೊಂದು, ಎರೆ ಹೊಲದಲ್ಲಿ ಗಾಡಿ ಹೂಳಬಾರದೆಂದು ಅಳತೆ ಮೀರಿದ, ದಪ್ಪ ಕಚ್ಚಿನ ಟಾಯರು ಹಾಕಿ, ಅದಕ್ಕೆ ತಕ್ಕಂತೆ ಮಡ್‌ಗಾರ್ಡನ್ನು ಕೊಯ್ದು ಅಗಲ ಮಾಡಿಸುವುದು. ಎರಡರಿಂದಲೂ ಹಣ ಹೋಗುತ್ತದೆ. ಮೊದಲನೆಯದರಿಂದ ಪ್ರಾಣವೂ ಹೋಗಬಹುದು.

ಈ ಲೇಖನದಲ್ಲಿ ಎರಡು ಆಕ್ಸಲ್, ಆರು ಟಾಯರುಗಳ ಹಳೆಯ ಲಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಸರಿಯಾದ ಟಾಯರು ಮತ್ತು ಮಡ್‌ಗಾರ್ಡು ಆರಿಸುವುದು ಹೇಗೆಂಬುದನ್ನು ವಿವರಿಸಲಾಗಿದೆ.

ಹೂಳುವುದು ಬೇರೆ, ಜಾರುವುದು ಬೇರೆ

ಭೀಮಾ, ಸೀನಾ, ಬೋರಿ ನದಿಗಳ ದಂಡೆಯ ನಮ್ಮ ಕಬ್ಬಿನ ಹೊಲಗಳು ಹೆಚ್ಚಾಗಿ ಎರೆ ಭೂಮಿ. ಎರೆ ಮಣ್ಣಿನಲ್ಲಿರುವ ಜಿಗುಟು ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಹಸ್ತಿ, ಚಿತ್ತಿ, ಸ್ವಾತಿ ಮಳೆಗಳು ಬಿದ್ದು ಹೋದ ಮೇಲೆ ಹಂಗಾಮಿನ ಮೊದಲ ವಾರಗಳಲ್ಲಿ ಈ ನೆಲ ಭಾರ ತಡೆಯುವುದಿಲ್ಲ. ಗಾಡಿ ಸಿಕ್ಕಿಕೊಳ್ಳುವುದು ಇದೇ ಕಾಲದಲ್ಲಿ.

ಗಾಡಿ ಸಿಕ್ಕಿಕೊಳ್ಳಲು ಎರಡು ಕಾರಣಗಳಿವೆ. ಗಾಲಿ ಹಿಡಿತವಿಲ್ಲದೆ ಜಾಗದಲ್ಲೇ ತಿರುಗುವುದು ಒಂದು, ಇದು ಜಾರುವುದು. ನೆಲವೇ ಕುಸಿದು ಗಾಲಿ ಒಳಗಿಳಿಯುವುದು ಇನ್ನೊಂದು, ಇದು ಹೂಳುವುದು. ದಪ್ಪ ಕಚ್ಚಿನ ಟಾಯರು ಜಾರುವುದನ್ನು ಕಡಿಮೆ ಮಾಡುತ್ತದೆಯೇ ಹೊರತು ಹೂಳುವುದನ್ನು ತಡೆಯುವುದಿಲ್ಲ. ಅದಕ್ಕೆ ಕಾರಣ ಗಾಳಿಯ ಒತ್ತಡ. ಟಾಯರು ನೆಲದ ಮೇಲೆ ಹಾಕುವ ಒತ್ತಡ ಸುಮಾರಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಲಾರಿಯ ಟಾಯರಿನಲ್ಲಿ 100 ಪೌಂಡ್ ಗಾಳಿ ಇದ್ದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 7 ಕಿಲೋ ಭಾರ ಬೀಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟಾಯರಿನಲ್ಲಿ 14 ಪೌಂಡ್ ಗಾಳಿ ಇದ್ದರೆ ಬೀಳುವುದು ಸುಮಾರು 1 ಕಿಲೋ ಮಾತ್ರ. ಟ್ರ್ಯಾಕ್ಟರು ದಾಟಿದ ಹೊಲದಲ್ಲಿ ಲಾರಿ ಏಕೆ ಹೂಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹೀಗಿರುವಾಗ ಎಷ್ಟೇ ಬೆಲೆಯ ಟಾಯರು ಹಾಕಿದರೂ ತುಂಬಿದ ಲಾರಿ ಹಸಿ ಎರೆ ಹೊಲಕ್ಕೆ ಇಳಿಯತಕ್ಕ ವಾಹನವಲ್ಲ. ಇಳಿದರೆ ಗಾಡಿಗಷ್ಟೇ ಅಲ್ಲ, ಬೆಳೆಗೂ ಪೆಟ್ಟು. ಗಾಲಿ ಹಾದ ಸಾಲಿನಲ್ಲಿ ಕಬ್ಬಿನ ಬುಡಗಳು ಒಡೆಯುತ್ತವೆ, ಮಣ್ಣು ಗಟ್ಟಿಯಾಗಿ ಗಾಳಿ ನೀರು ಆಡದಂತಾಗುತ್ತದೆ. ಮುಂದೆ ಕೂಳೆಯಲ್ಲಿ, ಅಂದರೆ ನಮ್ಮ ಕಡೆಯ ಖೋಡವಾದಲ್ಲಿ, ಅದೇ ಸಾಲುಗಳು ಬೋಳಾಗಿ ಕಾಣುತ್ತವೆ. ಆದ್ದರಿಂದ ಕಟಾವಿಗೆ 15 ದಿನ ಮೊದಲು ನೀರು ನಿಲ್ಲಿಸಿರಿ. ಲಾರಿಯನ್ನು ಹೊಲದ ಅಂಚಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕಟ್ಟುಗಳನ್ನು ಬಂಡಿಯಿಂದಲೋ ಟ್ರ್ಯಾಕ್ಟರಿನಿಂದಲೋ ಅಲ್ಲಿಗೆ ಸಾಗಿಸಿರಿ. ಹೊಲದ ದಾರಿಯ ತಗ್ಗುಗಳಿಗೆ ನೆರೆಹೊರೆಯವರು ಕೂಡಿ ಮುರುಮು ಹಾಕಿಸಿದರೆ ಅದರ ಲಾಭ ಎಲ್ಲರ ಗಾಡಿಗೂ ಸಿಗುತ್ತದೆ. ಇಷ್ಟು ಮಾಡಿದರೆ ನಿಮ್ಮ ಲಾರಿಗೆ ಬೇಕಾಗುವುದು ಅರ್ಧ ಕಿಲೋಮೀಟರ್ ಕಚ್ಚಾ ದಾರಿಯನ್ನು ದಾಟಿ, ಉಳಿದ ದೂರ ಡಾಂಬರು ರಸ್ತೆಯಲ್ಲಿ ಓಡುವ ಟಾಯರು. ಅಂಥ ಟಾಯರಿನ ಆಯ್ಕೆ ಕಷ್ಟವಲ್ಲ.

ಮೊದಲು ಭಾರದ ಲೆಕ್ಕ

ಟಾಯರಿನ ಮಗ್ಗುಲಲ್ಲಿ ಅಳತೆ, ಪ್ಲೈ ಮತ್ತು ಭಾರದ ಅಂಕಿ ಅಚ್ಚಾಗಿರುತ್ತವೆ. ಉದಾಹರಣೆಗೆ 10.00-20, 16 ಪ್ಲೈ, 146/143. ಇದರಲ್ಲಿ 10.00 ಎಂಬುದು ಟಾಯರಿನ ಅಗಲದ ಅಂಗುಲ, 20 ಎಂಬುದು ಡಿಸ್ಕಿನ ವ್ಯಾಸದ ಅಂಗುಲ. ಪ್ಲೈ ಎಂಬುದು ಬಲದ ದರ್ಜೆ. ಒಳಗೆ ಅಷ್ಟೇ ಪದರಗಳು ಇರುತ್ತವೆ ಎಂದು ತಿಳಿಯಬಾರದು. ಕೊನೆಯ ಎರಡು ಅಂಕಿಗಳಲ್ಲಿ ಮೊದಲನೆಯದು ಒಂಟಿ ಟಾಯರಿಗೆ, ಎರಡನೆಯದು ಜೋಡಿ ಟಾಯರಿಗೆ. 146 ಎಂದರೆ 3000 ಕಿಲೋ, 143 ಎಂದರೆ 2725 ಕಿಲೋ, 137 ಎಂದರೆ 2300 ಕಿಲೋ.

ನಿಮ್ಮ ಲಾರಿ 2018ರ ಭಾರದ ಪರಿಷ್ಕರಣೆಗಿಂತ ಮೊದಲಿನದಾಗಿದ್ದು, ನೋಂದಣಿ ಪುಸ್ತಕದಲ್ಲಿ ಒಟ್ಟು ತೂಕ 16.2 ಟನ್ ಎಂದಿದ್ದರೆ, ಮುಂದಿನ ಆಕ್ಸಲ್ ಮೇಲೆ 6 ಟನ್, ಹಿಂದಿನದರ ಮೇಲೆ 10.2 ಟನ್ ಎಂದು ಲೆಕ್ಕ. ಮುಂದೆ ಎರಡು ಟಾಯರುಗಳಿಗೆ ತಲಾ 3000 ಕಿಲೋ, ಹಿಂದೆ ನಾಲ್ಕಕ್ಕೆ ತಲಾ 2550 ಕಿಲೋ ಬೀಳುತ್ತದೆ. ಮೇಲಿನ 146/143ರ ಟಾಯರು ಎರಡಕ್ಕೂ ಸಾಕು. ಹಿಂದಿನ ಜೋಡಿಗೆ 137ರ ಟಾಯರು ಹಾಕಿದರೆ ನಾಲ್ಕೂ ಸೇರಿ ಹೊರುವುದು 9200 ಕಿಲೋ. 1000 ಕಿಲೋ ಕಡಿಮೆ ಬೀಳುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಟಾಯರು ದಾರಿಯಲ್ಲಿ ಒಡೆಯುವುದಕ್ಕೆ ಈ ಕೊರತೆಯೇ ಸಾಕು. ಪುಸ್ತಕದಲ್ಲಿರುವ ಭಾರಕ್ಕಿಂತ ಹೆಚ್ಚು ಕಬ್ಬು ಹೇರಿದರೆ ಯಾವ ಟಾಯರೂ ಉಳಿಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

10.00-20ರ ಬದಲು 11.00-20 ಹಾಕುವವರಿದ್ದಾರೆ. ಜೋಡಿ ಟಾಯರುಗಳ ನಡುವಿನ ಅಂತರ ಮೂಲ ಅಳತೆಗೆ ತಕ್ಕಂತೆ ಇರುತ್ತದೆ. ದೊಡ್ಡ ಟಾಯರು ಹಾಕಿದಾಗ ಭಾರಕ್ಕೆ ಮಗ್ಗುಲು ಉಬ್ಬಿ ಒಂದಕ್ಕೊಂದು ಉಜ್ಜುತ್ತವೆ, ಕಾದು ಹರಿಯುತ್ತವೆ. ಗಾಲಿಯ ಸುತ್ತು ಹೆಚ್ಚಿದ್ದರಿಂದ ಎಂಜಿನ್ ಎಳೆಯುವ ಬಲ ಕುಗ್ಗುತ್ತದೆ, ಬ್ರೇಕಿಗೂ ಕೆಲಸ ಹೆಚ್ಚುತ್ತದೆ. ಹೊಲದಲ್ಲಿ ಬಲ ಬೇಕೆಂದು ಹಾಕಿದ ಟಾಯರೇ ಬಲವನ್ನು ತಿಂದಂತಾಯಿತು. ಅಲ್ಲದೆ, ನೋಂದಣಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಯಾವ ಗಾಲಿಗೆ ಯಾವ ಟಾಯರು

ಮುಂದಿನ ಗಾಲಿಗಳು ದಿಕ್ಕು ತಿರುಗಿಸುವಂಥವು. ಅವಕ್ಕೆ ಸುತ್ತಲೂ ಉದ್ದ ಗೆರೆಗಳಿರುವ, ರಿಬ್ ಎಂದು ಕರೆಯುವ ಟಾಯರು ಹಾಕಬೇಕು. ಹಿಂದಿನ ಗಾಲಿಗಳು ಗಾಡಿಯನ್ನು ತಳ್ಳುವಂಥವು. ಅವಕ್ಕೆ ಅಡ್ಡ ಕಚ್ಚಿನ ಲಗ್ ಟಾಯರು ತಕ್ಕುದು. ಕಚ್ಚುಗಳ ನಡುವೆ ಜಾಗ ಹೆಚ್ಚಿದ್ದಷ್ಟು ಎರೆ ಮಣ್ಣು ಬೇಗ ಉದುರುತ್ತದೆ. ಇಕ್ಕಟ್ಟಾದ ಕಚ್ಚಿನಲ್ಲಿ ಮಣ್ಣು ತುಂಬಿ ಟಾಯರು ಬೋಳಾದಂತೆಯೇ ಆಗುತ್ತದೆ.

ಗಣಿಗಳಲ್ಲಿ ಓಡುವ ಲಾರಿಗಳ ಅತಿ ದಪ್ಪ ಕಚ್ಚಿನ ಟಾಯರುಗಳು ಬಳಸಿದ ಮಾಲಿನಲ್ಲಿ ಅಗ್ಗವಾಗಿ ಸಿಗುವುದುಂಟು. ಅವು ನಿಧಾನ ಓಟಕ್ಕೆ ಮಾಡಿದವು. ದಪ್ಪ ರಬ್ಬರಿನಲ್ಲಿ ಹುಟ್ಟಿದ ಕಾವು ಹೊರಗೆ ಹೋಗುವುದು ತಡ. ಕಾರಖಾನೆಯವರೆಗೆ ಡಾಂಬರು ರಸ್ತೆಯಲ್ಲಿ ಭಾರ ಹೊತ್ತು ವೇಗವಾಗಿ ಓಡಿದರೆ ಪದರ ಬಿಟ್ಟು ಹರಿಯುವ ಸಂಭವವಿದೆ. ನಮ್ಮ ಕೆಲಸಕ್ಕೆ ಅವು ಬೇಡ.

ನೈಲಾನ್ ಟಾಯರೋ ರೇಡಿಯಲ್ ಟಾಯರೋ ಎಂದು ಅನೇಕರು ಕೇಳುತ್ತಾರೆ. ರೇಡಿಯಲ್ ರಸ್ತೆಯ ಮೇಲೆ ತಂಪಾಗಿ ಓಡುತ್ತದೆ, ಹೆಚ್ಚು ಬಾಳುತ್ತದೆ, ಡೀಸೆಲ್ಲನ್ನೂ ಉಳಿಸುತ್ತದೆ. ಆದರೆ ಅದರ ಮಗ್ಗುಲು ತೆಳು. ಕಟಾವಾದ ಕಬ್ಬಿನ ಚೂಪಾದ ಬುಡ, ಒಡ್ಡಿನ ಕಲ್ಲು ತಾಗಿದರೆ ಬೇಗ ಕೊಯ್ಯುತ್ತದೆ. ನೈಲಾನಿನ ಮಗ್ಗುಲು ದಪ್ಪ, ಬೆಲೆಯೂ ಕಡಿಮೆ. ವರ್ಷವಿಡೀ ದೂರದ ಬಾಡಿಗೆಗೆ ಓಡುವ ಗಾಡಿಗೆ ರೇಡಿಯಲ್, ಹಂಗಾಮಿಗಷ್ಟೇ ಓಡುವ ಗಾಡಿಗೆ ನೈಲಾನ್ ಎಂದು ಇಟ್ಟುಕೊಳ್ಳಬಹುದು. ಒಂದೇ ಆಕ್ಸಲ್ ಮೇಲೆ ಎರಡನ್ನೂ ಬೆರೆಸಕೂಡದು. ಜೋಡಿ ಟಾಯರುಗಳ ವ್ಯಾಸದಲ್ಲಿ 6 ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವೂ ಇರಬಾರದು. ಇದ್ದರೆ ದೊಡ್ಡ ಟಾಯರೊಂದೇ ಭಾರ ಹೊರುತ್ತದೆ, ಸಣ್ಣದು ನೆಲಕ್ಕೆ ಉಜ್ಜುತ್ತದೆ.

ಅಗ್ಗ ಎಂದರೆ ಏನು?

ಬೆಲೆಯನ್ನು ಓಡುವ ಕಿಲೋಮೀಟರಿನಿಂದ ಭಾಗಿಸಿದಾಗ ಬರುವುದೇ ನಿಜವಾದ ಬೆಲೆ. ಲೆಕ್ಕ ತಿಳಿಯಲು ಹೀಗೆ ಹಿಡಿಯೋಣ: ಒಂದು ಟಾಯರು 18,000 ರೂಪಾಯಿಗೆ ಕೊಂಡು 45,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 40 ಪೈಸೆ. ಇನ್ನೊಂದು 12,000 ರೂಪಾಯಿಗೆ ಕೊಂಡು 20,000 ಕಿ.ಮೀ. ಓಡಿದರೆ 60 ಪೈಸೆ. ಅಗ್ಗದ್ದೇ ತುಟ್ಟಿಯಾಯಿತು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಕಾರಖಾನೆಗೆ 20 ಕಿ.ಮೀ. ದೂರದ ಊರಿನಿಂದ ದಿನಕ್ಕೆ ಎರಡು ಖೇಪು ಹಾಕಿದರೆ 80 ಕಿ.ಮೀ. ಆಯಿತು. 120 ದಿನಗಳಲ್ಲಿ 9,600 ಕಿ.ಮೀ. ಉಳಿದ ಎಂಟು ತಿಂಗಳು ಗಾಡಿ ನಿಂತಿದ್ದರೆ, 45,000 ಕಿ.ಮೀ.ನ ಟಾಯರು ಸವೆಯಲು ನಾಲ್ಕೂವರೆ ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಬಿಸಿಲಿಗೆ ರಬ್ಬರು ಬಿರಿಯತೊಡಗುತ್ತದೆ. ಸವೆಯುವ ಮೊದಲೇ ಸಾಯುವ ಟಾಯರಿಗೆ ಹೆಚ್ಚು ಹಣ ಕೊಟ್ಟು ಫಲವಿಲ್ಲ. ಆದ್ದರಿಂದ ಮೊದಲು ನಿಮ್ಮ ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ ಎಂದು ಬರೆದು ನೋಡಿರಿ. ನಿಂತ ತಿಂಗಳುಗಳಲ್ಲಿ ಆಕ್ಸಲ್ ಕೆಳಗೆ ದಿಮ್ಮಿ ಕೊಟ್ಟು ಟಾಯರಿನ ಮೇಲಿನ ಭಾರ ಇಳಿಸಿ, ನೆರಳು ಮಾಡಿರಿ.

ಹಂಗಾಮಿನ ಗಾಡಿಗೆ ಎಲ್ಲಕ್ಕಿಂತ ಮಿತವ್ಯಯದ ಮಾರ್ಗವೆಂದರೆ, ಮುಂದೆ ಎರಡು ಹೊಸ ಟಾಯರು, ಹಿಂದೆ ಒಳ್ಳೆಯ ಮೈಯ ರಿಟ್ರೆಡ್ ಟಾಯರು. ಹಿಂದೆ ಒಂದು ಒಡೆದರೆ ಜೋಡಿಯದು ಗಾಡಿಯನ್ನು ಹಿಡಿದು ನಿಲ್ಲಿಸಲು ಅವಕಾಶ ಕೊಡುತ್ತದೆ. ಮುಂದಿನದು ಒಡೆದರೆ ಸ್ಟೇರಿಂಗು ಕೈ ಮೀರುತ್ತದೆ. ಮುಂದಿನ ಗಾಲಿಯಲ್ಲಿ ಉಳಿತಾಯ ಮಾಡಲು ಹೋಗಬೇಡಿರಿ.

ಹಳೆಯ ಟಾಯರನ್ನು ಪರೀಕ್ಷಿಸುವ ಕ್ರಮ

1. ಮಗ್ಗುಲಿನ ನಾಲ್ಕು ಅಂಕಿಯ ತಾರೀಖು ನೋಡಿರಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು.

2. ಒಳಮೈಗೆ ಬ್ಯಾಟರಿ ಹಿಡಿದು ನೋಡಿರಿ. ದಾರ ಕಂಡರೆ, ದೊಡ್ಡ ತೇಪೆ ಇದ್ದರೆ, ಅಂಚಿನ ತಂತಿ ಬಾಗಿದ್ದರೆ ಬೇಡ.

3. ಮಗ್ಗುಲಲ್ಲಿ ಉಬ್ಬು ಅಥವಾ ಆಳವಾದ ಬಿರುಕು ಇದ್ದರೆ ಯಾವ ಬೆಲೆಗೂ ಬೇಡ.

4. ಕಚ್ಚಿನ ಆಳ ಅಳೆಯಿರಿ. ಲಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮ ಹೇಳುತ್ತದೆ. ಅಲ್ಲಿಯವರೆಗೂ ಓಡಿಸದೆ, 3 ಮಿಲಿಮೀಟರ್ ಉಳಿದಿರುವಾಗಲೇ ರಬ್ಬರು ಹಾಕಿಸಲು ಕೊಟ್ಟರೆ ಮೈ ಹಾಳಾಗದೆ ಇನ್ನೊಂದು ಬಾಳು ಸಿಗುತ್ತದೆ.

5. ಹೊಸ ಟಾಯರಿಗೆ ಹೊಸ ಟ್ಯೂಬು, ಹೊಸ ಫ್ಲ್ಯಾಪು ಹಾಕಿರಿ. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಚಿಕೊಂಡು ಅಲ್ಲಿಯೇ ಹರಿಯುತ್ತದೆ.

ಮಡ್‌ಗಾರ್ಡು ಶೋಭೆಗಲ್ಲ

ಹಳೆಯ ಲಾರಿಗಳ ಹಿಂದಿನ ಮಡ್‌ಗಾರ್ಡು ತುಕ್ಕು ಹಿಡಿದು ಬಿದ್ದುಹೋಗಿರುತ್ತದೆ. ಮತ್ತೆ ಹಾಕಿಸುವವರು ಕಡಿಮೆ. ಆದರೆ ಜೋಡಿ ಟಾಯರುಗಳ ನಡುವೆ ಸಿಕ್ಕ ಕಲ್ಲು, ಕಚ್ಚಿನಿಂದ ಹಾರುವ ಹೆಂಟೆ ಹಿಂದೆ ಬರುವ ಸೈಕಲ್, ಮೋಟಾರ್ ಸೈಕಲ್ ಸವಾರನ ಮುಖಕ್ಕೆ ಬಡಿಯುತ್ತದೆ. ಸವಾರ ಹೆಚ್ಚಾಗಿ ನಮ್ಮೂರಿನವನೇ ಆಗಿರುತ್ತಾನೆ.

ಅಗಲವಾದ, ಹೊರಗೆ ಚಾಚಿದ ಮಡ್‌ಗಾರ್ಡು ಬೇಕಿಲ್ಲ. ಟಾಯರಿನ ಅಗಲವನ್ನು ಪೂರ್ತಿ ಮುಚ್ಚಿ, ಗಾಡಿಯ ಬಾಡಿಯಿಂದ ಹೊರಗೆ ಬಾರದಂತಿದ್ದರೆ ಸಾಕು. ತಗಡಿನ ಅಂಚಿಗೆ ಸರಳು ಸೇರಿಸಿ ಮಡಚಿಸಿರಿ; ಚೂಪಾದ ಅಂಚು ಟಾಯರನ್ನು ಕೊಯ್ಯುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡಿಸಬೇಡಿರಿ, ಅದರಿಂದ ಚಾಸಿಯ ಉಕ್ಕು ದುರ್ಬಲವಾಗುತ್ತದೆ. ನಟ್ಟು ಬೋಲ್ಟಿನಿಂದ ಕೂಡಿಸಿದರೆ ಬಿಚ್ಚಿ ಮಣ್ಣು ತೆಗೆಯಲೂ ಅನುಕೂಲ.

ಟಾಯರಿಗೂ ತಗಡಿಗೂ ನಡುವೆ ಎಷ್ಟು ಜಾಗವಿರಬೇಕು ಎಂಬುದನ್ನು ಖಾಲಿ ಗಾಡಿಯಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಕಬ್ಬು ತುಂಬಿದ ಮೇಲೆ ಒಂದು ಬದಿಯ ಗಾಲಿಯನ್ನು ಸ್ವಲ್ಪ ಎತ್ತರದ ಗಟ್ಟಿ ನೆಲಕ್ಕೆ ನಿಧಾನವಾಗಿ ಹತ್ತಿಸಿ ನೋಡಿರಿ. ಆಗಲೂ ಅಂಗೈ ಸಲೀಸಾಗಿ ಹೋಗುವಷ್ಟು ಜಾಗ ಉಳಿದಿರಬೇಕು. ಇಕ್ಕಟ್ಟಾದರೆ ಎರೆ ಮಣ್ಣು ತುಂಬಿ ಗಾಲಿಯನ್ನೇ ಹಿಡಿಯುತ್ತದೆ.

ಗಾಲಿಯ ಹಿಂದೆ ರಬ್ಬರಿನ ಪರದೆ ತೂಗುಬಿಡುವುದು ಅಗತ್ಯ. ಹಳೆಯ ಕನ್ವೇಯರ್ ಪಟ್ಟಿಯ ತುಂಡು ಇದಕ್ಕೆ ಉತ್ತಮ, ಬೆಲೆಯೂ ಅಲ್ಪ. ಈ ಪರದೆಯಾಗಲಿ, ಜೋತುಬಿದ್ದ ಕಬ್ಬಾಗಲಿ ಹಿಂದಿನ ದೀಪವನ್ನು ಮುಚ್ಚಬಾರದು. ಹೊಳೆಯುವ ಪಟ್ಟಿ ಮುಂದೆ ಬಿಳಿ, ಮಗ್ಗುಲಲ್ಲಿ ಹಳದಿ, ಹಿಂದೆ ಕೆಂಪು ಇರಲಿ. ಡಾಂಬರು ರಸ್ತೆಗೆ ಏರುವ ಮೊದಲು ಸಲಿಕೆಯಿಂದ ಗಾಲಿಯ ಮಣ್ಣು ಕೆರೆದು ಹಾಕಿರಿ. ರಸ್ತೆಯ ಮೇಲೆ ಬಿದ್ದ ಎರೆ ಮಣ್ಣಿಗೆ ಇಬ್ಬನಿ ಸೇರಿದರೆ ಸೈಕಲ್ಲು ನಿಲ್ಲುವುದಿಲ್ಲ.

ಗಾಳಿ ತುಂಬುವಾಗ ಎಚ್ಚರ

ಹಳೆಯ ಲಾರಿಗಳ ಡಿಸ್ಕಿಗೆ ಲಾಕ್ ರಿಂಗು ಇರುತ್ತದೆ. ರಿಂಗು ಸರಿಯಾಗಿ ಕೂಡದೆ ಗಾಳಿ ತುಂಬಿದರೆ ಅದು ಸಿಡಿದು ಎದುರಿದ್ದವರನ್ನು ಕೊಲ್ಲುತ್ತದೆ. ರಿಂಗಿಗೆ ಸರಪಳಿ ಸುತ್ತಿ, ಮಗ್ಗುಲಿಗೆ ನಿಂತು, ಉದ್ದ ಪೈಪಿನಿಂದ ಗಾಳಿ ತುಂಬಿಸಿರಿ. ಗಾಲಿಯ ನಟ್ಟು ಬಿಚ್ಚುವ ಮೊದಲು ಜೋಡಿಯ ಎರಡೂ ಟಾಯರುಗಳ ಗಾಳಿ ಪೂರ್ತಿ ಇಳಿಸಿರಿ. ಟಾಯರು ಕೂಡಿರುವ ಡಿಸ್ಕಿಗೆ ಎಂದೂ ವೆಲ್ಡಿಂಗ್ ಮಾಡಿಸಕೂಡದು. ಮಕ್ಕಳನ್ನು ಹತ್ತಿರ ಬಿಡಕೂಡದು. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಅಳೆಯಬೇಕು. ಓಡಿ ಕಾದ ಟಾಯರಿನಿಂದ ಗಾಳಿ ಬಿಡಬಾರದು.

ನೆನಪಿಡತಕ್ಕ ಮಾತುಗಳು

ಅಳತೆ ಪುಸ್ತಕದಲ್ಲಿದ್ದಂತೆ, ಭಾರದ ಅಂಕಿ ಲೆಕ್ಕಕ್ಕೆ ತಕ್ಕಂತೆ, ಮುಂದೆ ಹೊಸದು, ಹಿಂದೆ ಲಗ್, ಮಡ್‌ಗಾರ್ಡು ಟಾಯರು ಮುಚ್ಚುವಷ್ಟು, ಲಾರಿ ಗಟ್ಟಿ ನೆಲದ ಮೇಲೆ. ಇವಿಷ್ಟನ್ನು ಪಾಲಿಸಿದರೆ ಹಳೆಯ ಗಾಡಿಯೂ ಹಂಗಾಮನ್ನು ಸುಖವಾಗಿ ದಾಟಿಸುತ್ತದೆ, ಕೂಳೆಯೂ ಉಳಿಯುತ್ತದೆ. ಟಾಯರು ಕೊಳ್ಳಲು ಹೋಗುವಾಗ ನೋಂದಣಿ ಪುಸ್ತಕವನ್ನು ಜೊತೆಗೆ ಒಯ್ಯಬೇಕೆಂದು ಸಭಾಸದರಲ್ಲಿ ವಿನಂತಿ.

ಕಬ್ಬು ಅಭಿವೃದ್ಧಿ ಅಧಿಕಾರಿ