ಸಹಿ ಮಾಡುವ ಕೈ ಇರುವಾಗಲೇ

ತಂದೆಯವರ ರೋಗವು ಇನ್ನು ವಾಸಿಯಾಗುವ ನಿರೀಕ್ಷೆಯಿಲ್ಲವೆಂದೂ ನೋವು ಕಾಣದಂತೆ ನೋಡಿಕೊಳ್ಳುವುದೊಂದೇ ಉಳಿದಿರುವುದೆಂದೂ ವೈದ್ಯರು ತಿಳಿಸಿದ ಮೇಲೆ, ಬಸವೇಶ್ವರನಗರದ ನಮ್ಮ ಮನೆಯಲ್ಲಿ ಯಾರೂ ಆಡಲೊಲ್ಲದೆ ಇದ್ದ ಮಾತನ್ನು ಮೊದಲು ಎತ್ತಿದವರು ತೀರ್ಥರೂಪರೇ. "ಕಾಗದಪತ್ರಗಳನ್ನೆಲ್ಲ ಇಲ್ಲಿ ತಾ, ಮಗು, ನಾನು ಹೇಳಿದ್ದನ್ನು ಬರೆದುಕೊ" ಎಂದರು. "ಈ ಅಮಂಗಳವೆಲ್ಲ ಈಗೇಕೆ?" ಎಂದು ತಾಯಿಯವರು ಎದ್ದು ಒಳಗೆ ಹೋದರು. ಸಿದ್ಧತೆ ಮಾಡಿದರೆ ಸಾವನ್ನು ಕರೆದಂತಾಗುವುದೆಂಬ ಭೀತಿಯು ಹೋಗುವವರಿಗಿಂತ ಉಳಿಯುವವರನ್ನೇ ಹೆಚ್ಚು ಬಾಧಿಸುವುದೆಂದು ನನಗೆ ಅಂದು ತೋರಿತು.

ಠೇವಣಿಗಳಿಗೆಲ್ಲ ನನ್ನ ಹೆಸರನ್ನು ನಾಮಿನಿಯಾಗಿ ಬರೆಸಿದ್ದ ತಂದೆಯವರು ಅಷ್ಟರಿಂದಲೇ ವ್ಯವಸ್ಥೆಯು ಮುಗಿಯಿತೆಂದು ನಂಬಿದ್ದರು. ಆದರೆ ನಾಮಿನಿಯಾದವನು ಹಣವನ್ನು ಸ್ವೀಕರಿಸಲು ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಠೇವಣಿಯ ವಿಷಯದಲ್ಲಿ 2010ರಲ್ಲಿಯೂ ಷೇರುಗಳ ವಿಷಯದಲ್ಲಿ 2023ರಲ್ಲಿಯೂ ತೀರ್ಪಿತ್ತಿದೆ. ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಮೇರೆಗೆ ತಾಯಿ, ತಂಗಿ, ನಾನು ಮೂವರೂ ತಂದೆಯವರ ಸ್ವಯಾರ್ಜಿತದಲ್ಲಿ ಸಮಾನ ಭಾಗಿಗಳು. ಆದರೆ ಮನೆಯು ತಾಯಿಯವರಿಗೇ ಸೇರಬೇಕೆಂಬುದು ತಂದೆಯವರ ಇಚ್ಛೆಯಾಗಿದ್ದುದರಿಂದ ಉಯಿಲು ಅಗತ್ಯವಾಯಿತು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿಯಿದ್ದರೆ ಸಾಕೆಂದು ವಕೀಲರು ಹೇಳಿದಾಗ, ತಂದೆಯವರು ಉದ್ಯಾನದಲ್ಲಿ ತಮ್ಮೊಡನೆ ನಡೆಯುತ್ತಿದ್ದ ಎಂಬತ್ತು ದಾಟಿದ ಗೆಳೆಯರಿಬ್ಬರನ್ನು ಸೂಚಿಸಿ, ಮರುಕ್ಷಣವೇ "ಬೇಡ, ಅವರು ನನಗಿಂತ ಮುಂಚೆ ಹೊರಟುಬಿಟ್ಟರೆ ಕಷ್ಟ" ಎಂದು ತಾವೇ ನಕ್ಕರು. ಕೊನೆಗೆ ನೆರೆಮನೆಯ ಯುವಕನೂ ನಮ್ಮ ವೈದ್ಯರೂ ಸಹಿ ಮಾಡಿದರು. ನೋಂದಣಿಯಾಗಲೇಬೇಕೆಂದು ತಂದೆಯವರು ಹಟ ಹಿಡಿದುದರಿಂದ, ಅಶಕ್ತರ ಮನೆಗೆ ಉಪನೋಂದಣಾಧಿಕಾರಿಯೇ ಬರಬಹುದೆಂದು 1908ರ ನೋಂದಣಿ ಅಧಿನಿಯಮದಲ್ಲಿರುವ ಅವಕಾಶವು ನಮಗೆ ಒದಗಿ ಬಂದಿತು.

ಉಯಿಲಿಗಿಂತ ಹೆಚ್ಚು ತೊಡಕಾದುದು ತಂದೆಯವರ ನಡುಗುವ ಕೈ. ಸಹಿಯು ಹೊಂದುವುದಿಲ್ಲವೆಂದು ಬ್ಯಾಂಕಿನವರು ಚೆಕ್ಕನ್ನು ಹಿಂದಿರುಗಿಸಿದರು. ಇಬ್ಬರು ಸಾಕ್ಷಿಗಳ ಎದುರಿಗೆ, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರುವಂತೆ, ಹೆಬ್ಬೆಟ್ಟಿನ ಗುರುತು ಹಾಕಬಹುದೆಂಬ ಕ್ರಮವೊಂದಿದೆ. ಕೇಳಿದವರಿಗೆ ಮಾತ್ರ ಅದನ್ನು ಹೇಳುತ್ತಾರೆ. ಮುಖ್ತಿಯಾರುನಾಮೆಯೊಂದನ್ನು ಬರೆಸಿಕೊಂಡರೆ ಎಲ್ಲವೂ ಸುಗಮವೆಂದು ಬಂಧುಗಳು ಉಪದೇಶಿಸಿದರು. ಅದನ್ನು ಬರೆದುಕೊಟ್ಟವರ ಉಸಿರು ನಿಂತೊಡನೆ ಅದರ ಬಲವೂ ನಿಲ್ಲುತ್ತದೆಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಗೊತ್ತಿದೆಯೆಂದು ಮರಣಾನಂತರ ಹಣ ತೆಗೆಯುವುದೂ ಹಾಗೆಯೇ ಸಲ್ಲದು. ಆದುದರಿಂದ ಔಷಧಕ್ಕೂ ಅಪರಕ್ರಿಯೆಗಳಿಗೂ ಬೇಕಾಗುವಷ್ಟನ್ನು, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ತೆಗೆಯಬಹುದಾದಂತೆ, ತಾಯಿಯವರೊಡನಿದ್ದ ಜಂಟಿ ಖಾತೆಗೆ ಮೊದಲೇ ವರ್ಗಾಯಿಸಿದೆವು. ಕುಟುಂಬ ಪಿಂಚಣಿಗಾಗಿ ತಂದೆಯವರ ಪಿಂಚಣಿ ಆದೇಶದಲ್ಲಿ ತಾಯಿಯವರ ಹೆಸರೂ ಜನ್ಮದಿನಾಂಕವೂ ಸರಿಯಾಗಿವೆಯೇ ಎಂದು ನೋಡಿದೆವು.

ಕೃತಕ ಉಸಿರಾಟದ ಯಂತ್ರಕ್ಕೆ ತಮ್ಮನ್ನು ಒಪ್ಪಿಸಕೂಡದೆಂದು ತಂದೆಯವರು ಬರೆಸಿದರು. ಇಂತಹ ಮುಂಗಡ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿನಲ್ಲಿ ಮಾನ್ಯಮಾಡಿ, 2023ರಲ್ಲಿ ನೋಟರಿಯ ಮುಂದೆಯೇ ಅದು ನೆರವೇರುವಂತೆ ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಸುತ್ತೋಲೆಯ ಮೂಲಕ ಅದಕ್ಕೆ ಕ್ರಮವನ್ನು ಗೊತ್ತುಪಡಿಸಿತು. ಉಯಿಲಿಗಿಂತಲೂ ಇದು ನಮಗೆ ದೊಡ್ಡ ಉಪಕಾರವಾಯಿತೆಂದೇ ನನ್ನ ಅಭಿಪ್ರಾಯ. ತಂದೆಯವರ ಕೊನೆಯ ರಾತ್ರಿ ನಿರ್ಧಾರದ ಭಾರವು ನಮ್ಮಲ್ಲಿ ಯಾರ ಮೇಲೂ ಬೀಳಲಿಲ್ಲ.

ಮನೆಯಲ್ಲಿಯೇ ಪ್ರಾಣ ಹೋದರೆ ವೈದ್ಯರ ಪ್ರಮಾಣಪತ್ರವಿಲ್ಲದೆ ಸುಮನಹಳ್ಳಿಯ ಚಿತಾಗಾರದಲ್ಲಾಗಲಿ ಹರಿಶ್ಚಂದ್ರಘಾಟಿನಲ್ಲಾಗಲಿ ಕಾರ್ಯವು ಮುಂದುವರಿಯದು. ಬಂದು ನೋಡಿ ಬರೆದುಕೊಡುವ ವೈದ್ಯರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಅರ್ಜಿಯಲ್ಲಿ ಬರೆಯುವ ಹೆಸರು ಆಧಾರಿನಲ್ಲಿಯೂ ಕ್ರಯಪತ್ರದಲ್ಲಿಯೂ ಇರುವಂತೆಯೇ ಇರಲಿ. ಇನಿಷಿಯಲ್ಲೊಂದು ವ್ಯತ್ಯಾಸವಾದರೂ ಖಾತಾ ಬದಲಾವಣೆಗೆ ಹೋದಾಗ ಅಫಿಡವಿಟ್ಟು ಬರೆಸಬೇಕಾಗುವುದರಿಂದ, ಆ ನಮೂನೆಯನ್ನು ದುಃಖದ ನಡುವೆಯೂ ಎರಡು ಸಲ ಓದಿ ಸಹಿ ಮಾಡಬೇಕೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.